ಸೆಲ್ಯುಲೋಸ್ ಬೆಳೆಸುವ ಕಿಟ್: ಸ್ಪೀಕರ್ ರಿಪೇರಿ ಮಾಡುವವನ ಅಭಿಪ್ರಾಯ

ಮೊದಲೇ ಹೇಳಿಬಿಡುತ್ತೇನೆ: ಟ್ರೇಯಲ್ಲಿ ಬ್ಯಾಕ್ಟೀರಿಯಾ ಬಿಟ್ಟು ಸೆಲ್ಯುಲೋಸ್ ಹಾಳೆ ಬೆಳೆಸುವ ಈ ಕಿಟ್ ಚೆನ್ನಾಗಿದೆ, ತಗೊಳ್ಳಬಹುದು. ಒಳಗಿರುವ ಕಲ್ಚರ್, ಅಂದರೆ ಜೀವಂತ ಬ್ಯಾಕ್ಟೀರಿಯಾದ ಬೀಜ, ಚುರುಕಾಗಿದೆ, ಪುಡಿಯ ಅಳತೆ ಸರಿಯಾಗಿದೆ. ಕೆಟ್ಟಿರುವುದು ಡಬ್ಬದ ಮೇಲಿನ ಮಾತು ಮತ್ತು ಒಳಗಿನ ಪುಸ್ತಿಕೆಯ ಕೆಲವು ಸಾಲು. 'ಎರಡು ವಾರದಲ್ಲಿ ಮನೆಯಲ್ಲೇ ಚರ್ಮ' ಅಂತ, ಚೀಲ ಹೊಲಿಯುವ ಚರ್ಮ ಅನ್ನುವ ಅರ್ಥದಲ್ಲಿ, ದಪ್ಪಕ್ಷರದಲ್ಲಿ ಹಾಕಿದ್ದಾರೆ. ಚರ್ಮ ಸಿಗುತ್ತದೆ ಅಂದುಕೊಂಡು ತಗೊಂಡವರಿಗೆ ಬೇಸರ ಆಗುತ್ತದೆ, ಆಮೇಲೆ ಟ್ರೇ ಮೂಲೆ ಸೇರುತ್ತದೆ. ಹಾಗಾಗಬಾರದು ಅಂತಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಇಂಥ ಕಿಟ್‌ಗಳು ಬೇರೆ ಬೇರೆ ಹೆಸರಿನಲ್ಲಿ ಬರುತ್ತವೆ, ಒಳಗಿನ ಸರಕು ಹೆಚ್ಚುಕಮ್ಮಿ ಒಂದೇ. ಅದಕ್ಕೇ ಕಂಪನಿಯ ಹೆಸರು ಬರೆದಿಲ್ಲ.

ನಾನು ಸ್ಪೀಕರ್ ರಿಪೇರಿ ಮಾಡುವವನು. ಹರಿದ ಕೋನ್ (ಅದುರಿ ಶಬ್ದ ಹೊರಡಿಸುವ ಭಾಗ) ಅಂಟಿಸುವುದು, ಸುಟ್ಟ ವಾಯ್ಸ್ ಕಾಯಿಲ್ ಬದಲಿಸುವುದು, ಉದುರಿ ಹೋದ ಸರೌಂಡ್‌ಗೆ ಹೊಸದು ಹಾಕುವುದು, ಇದೇ ದಿನದ ಕೆಲಸ. ಕೋನ್ ಯಾವುದರಲ್ಲಿ ಮಾಡಬೇಕು ಅನ್ನುವುದು ನಮ್ಮ ಕಸುಬಿನ ಹಳೇ ತಕರಾರು. ಹಗುರ ಇರಬೇಕು, ಬಿಗಿ ಇರಬೇಕು, ಆದರೆ ತಾನಾಗಿ ಗುಂಯ್‌ಗುಡಬಾರದು. ಕಾಗದ ಗುಂಯ್‌ಗುಡುವುದಿಲ್ಲ, ಆದರೆ ಅಷ್ಟು ಬಿಗಿ ಇಲ್ಲ. ಅಲ್ಯೂಮಿನಿಯಂ ಬಿಗಿ, ಅದರೊಳಗೆ ಶಬ್ದ ಸೆಕೆಂಡಿಗೆ ಸುಮಾರು 5000 ಮೀಟರ್ ಓಡುತ್ತದೆ, ಆದರೆ ತಟ್ಟಿದರೆ ಮೊಳಗುತ್ತಲೇ ಇರುತ್ತದೆ. ಎರಡರ ಒಳ್ಳೆಯ ಗುಣವೂ ಒಂದೇ ಕಡೆ ಸಿಗಲಿ ಅಂತ ಜಪಾನಿನಲ್ಲಿ 1980ರ ದಶಕದಲ್ಲಿ ಸೋನಿ ಮತ್ತು ಅಜಿನೊಮೊಟೊ ಕಂಪನಿಗಳು ಹಿಡಿದ ದಾರಿ ಬ್ಯಾಕ್ಟೀರಿಯಾ ನೇಯ್ದ ಸೆಲ್ಯುಲೋಸ್. 1989ರಲ್ಲಿ ಬಂದ ಸೋನಿಯ ಎಂಡಿಆರ್-ಆರ್10 ಹೆಡ್‌ಫೋನ್‌ನ ಡಯಾಫ್ರಾಮ್, ಅಂದರೆ ಅದುರುವ ಪೊರೆ, ಇದರದ್ದೇ. ಈ ವಸ್ತು ಕೈಯಲ್ಲಿ ಹಿಡಿದು ನೋಡಬೇಕು ಅನ್ನುವ ಆಸೆ ನನಗೆ ತುಂಬಾ ಹಳೆಯದು. ಕಿಟ್ ತರಿಸಿದ್ದು ಅದಕ್ಕೇ.

ಡಬ್ಬದೊಳಗೆ ಬರುವುದು ಇಷ್ಟು. ಹುಳಿ ದ್ರವದಲ್ಲಿ ಮುಳುಗಿರುವ ಒಂದು ಚೂರು ಪೊರೆ, ಅದೇ ಕಲ್ಚರ್. ಸಕ್ಕರೆ, ಪೆಪ್ಟೋನ್ (ಒಡೆದ ಪ್ರೋಟೀನ್), ಯೀಸ್ಟ್ ಸಾರ, ಫಾಸ್ಫೇಟ್, ಸಿಟ್ರಿಕ್ ಆಮ್ಲ ಬೆರೆಸಿದ ಪುಡಿ. ಒಂದು ಟ್ರೇ, ಮುಚ್ಚಲು ಬಟ್ಟೆ, ರಬ್ಬರ್ ಬ್ಯಾಂಡ್. ತೊಳೆಯಲು ಕಾಸ್ಟಿಕ್ ಸೋಡಾ. ಹುಳಿ ಎಷ್ಟಿದೆ ಅಂತ ತೋರಿಸುವ ಪಿಎಚ್ ಕಾಗದ. ಪುಡಿಯ ಪಟ್ಟಿ ನೋಡಿದ ಕೂಡಲೇ ಸಮಾಧಾನ ಆಯಿತು. ಇದು 1954ರಲ್ಲಿ ಹೆಸ್ಟ್ರಿನ್ ಮತ್ತು ಶ್ರಾಮ್ ಅನ್ನುವ ಇಬ್ಬರು ವಿಜ್ಞಾನಿಗಳು ಕೊಟ್ಟ ಅಳತೆಯದ್ದೇ ರೂಪ. ಒಂದು ಲೀಟರ್ ನೀರಿಗೆ 20 ಗ್ರಾಂ ಗ್ಲುಕೋಸ್, ತಲಾ 5 ಗ್ರಾಂ ಪೆಪ್ಟೋನ್ ಮತ್ತು ಯೀಸ್ಟ್ ಸಾರ, ಅದು ಮೂಲ ಅಳತೆ. ಇವತ್ತಿಗೂ ಲ್ಯಾಬ್‌ಗಳಲ್ಲಿ ಶುರು ಮಾಡುವುದು ಅಲ್ಲಿಂದಲೇ.

ಬ್ಯಾಕ್ಟೀರಿಯಾದ ಹೆಸರು ಪುಸ್ತಿಕೆಯಲ್ಲಿ ಅಸಿಟೋಬ್ಯಾಕ್ಟರ್ ಝೈಲಿನಮ್ ಅಂತ ಇದೆ. ಅದು ಹಳೇ ಹೆಸರು. ಈಗ ಕೊಮಗಟೈಬ್ಯಾಕ್ಟರ್ ಝೈಲಿನಸ್ ಅನ್ನುತ್ತಾರೆ. ಓದುವಾಗ ಎರಡೂ ಸಿಗುತ್ತವೆ, ಗಲಿಬಿಲಿ ಬೇಡ. ವಿನಿಗರ್ ಮಾಡುವ ಬ್ಯಾಕ್ಟೀರಿಯಾಗಳ ಬಳಗದ್ದೇ ಇದು. ವಿನಿಗರ್ ಮೇಲೆ ಕಟ್ಟುವ ಲೋಳೆ ಪೊರೆ ಸೆಲ್ಯುಲೋಸ್ ಅಂತ ತೋರಿಸಿಕೊಟ್ಟವರು ಏಡ್ರಿಯನ್ ಜಾನ್ ಬ್ರೌನ್, 1886ರಲ್ಲಿ. ಮರದಲ್ಲಿ, ಹತ್ತಿಯಲ್ಲಿ ಇರುವ ಅದೇ ಪದಾರ್ಥವನ್ನು ಕಣ್ಣಿಗೆ ಕಾಣದ ಒಂದು ಬ್ಯಾಕ್ಟೀರಿಯಾ ಮಾಡುತ್ತಿದೆ. ಎಷ್ಟು ಸಲ ಓದಿದರೂ ನನಗೆ ಇದು ಸಪ್ಪೆ ಅನಿಸಿಲ್ಲ.

ಬೆಳೆಸುವ ಕೆಲಸ ಸುಲಭ. ಪುಡಿ ಕುದಿಸಿ ಆರಿಸಿ, ಟ್ರೇಗೆ ಹಾಕಿ, ಕಲ್ಚರ್ ಮತ್ತು ಅದರ ಹುಳಿ ದ್ರವ ಬೆರೆಸಿ, ಬಟ್ಟೆ ಕಟ್ಟಿ, 28ರಿಂದ 30 ಡಿಗ್ರಿ ಇರುವ ಕಡೆ ಇಡಬೇಕು. ಆಮೇಲೆ ಮುಟ್ಟಬಾರದು. ಪುಸ್ತಿಕೆಯ ಮೊದಲ ತಪ್ಪು ಇಲ್ಲೇ ಇದೆ. 'ಬೇಗ ಬೆಳೆಯಲು ದಿನಕ್ಕೊಮ್ಮೆ ಟ್ರೇ ಅಲ್ಲಾಡಿಸಿ' ಅಂತ ಬರೆದಿದ್ದಾರೆ. ದಯವಿಟ್ಟು ಅಲ್ಲಾಡಿಸಬೇಡಿ. ಈ ಬ್ಯಾಕ್ಟೀರಿಯಾಗೆ ಆಮ್ಲಜನಕ ಬೇಕು. ಅದು ಸಿಗುವುದು ದ್ರವದ ಮೇಲ್ಮೈಯಲ್ಲಿ. ಹಾಗಾಗಿ ಗಾಳಿ ಮತ್ತು ದ್ರವ ಸೇರುವ ಗೆರೆಯಲ್ಲೇ ಪೊರೆ ಕಟ್ಟುತ್ತದೆ. ಅಲ್ಲಾಡಿಸಿದರೆ ಪೊರೆ ಮುಳುಗುತ್ತದೆ, ಅದರ ಮೇಲೆ ಹೊಸದೊಂದು ಕಟ್ಟಲು ಶುರುವಾಗುತ್ತದೆ. ಕೊನೆಗೆ ಒಂದು ಗಟ್ಟಿ ಹಾಳೆಯ ಬದಲು ಒಂದಕ್ಕೊಂದು ಹಿಡಿತವಿಲ್ಲದ ತೆಳು ಪೊರೆಗಳು ಸಿಗುತ್ತವೆ. ಇನ್ನೂ ಜೋರಾಗಿ ಕಲಕುತ್ತಲೇ ಇದ್ದರೆ ಹಾಳೆಯೇ ಬರುವುದಿಲ್ಲ, ಉಂಡೆಗಳು, ಎಳೆಗಳು ಬರುತ್ತವೆ. ಕಾರ್ಖಾನೆಗಳಲ್ಲಿ ಬೇಕಂತಲೇ ಹಾಗೆ ಮಾಡುವುದುಂಟು, ದೊಡ್ಡ ಟ್ಯಾಂಕಿನಲ್ಲಿ ಬೆಳೆಸಬಹುದು ಅಂತ. ಆದರೆ ಕಲಕಿದರೆ ಸೆಲ್ಯುಲೋಸ್ ಮಾಡುವುದನ್ನೇ ಬಿಟ್ಟ ಬ್ಯಾಕ್ಟೀರಿಯಾಗಳೂ ಹೆಚ್ಚುತ್ತವೆ.

ಟ್ರೇ ಆಳ ಇರುವುದು ಕೂಡ ಅದಕ್ಕೇ ವ್ಯರ್ಥ. ಅಗಲ ಮುಖ್ಯ, ಆಳ ಅಲ್ಲ. ನಾನು ಕಿಟ್‌ನ ಟ್ರೇ ಬಿಟ್ಟು ಅಗಲವಾದ ಗಾಜಿನ ತಟ್ಟೆಗೆ ಬದಲಾಯಿಸಿದೆ, ಹಾಳೆ ಎಲ್ಲ ಕಡೆ ಸಮನಾಗಿ ಬಂತು.

ಮೊದಲ ಒಂದೆರಡು ದಿನ ಏನೂ ಕಾಣುವುದಿಲ್ಲ. ಆಮೇಲೆ ಮೇಲ್ಮೈ ಸ್ವಲ್ಪ ಮಂಕಾಗುತ್ತದೆ. ಟಾರ್ಚ್ ಓರೆಯಾಗಿ ಹಿಡಿದರೆ ತೆಳು ಪೊರೆ ಹೊಳೆಯುತ್ತದೆ. ಅದರೊಳಗೆ ಏನು ನಡೆಯುತ್ತಿದೆ ಅಂತ ತಿಳಿದುಕೊಂಡು ನೋಡಿದರೆ ಆ ಮಂಕೇ ಬೇರೆ ಥರ ಕಾಣುತ್ತದೆ. ಒಂದೊಂದು ಬ್ಯಾಕ್ಟೀರಿಯಾ ಕೆಲವೇ ಮೈಕ್ರೋಮೀಟರ್ ಉದ್ದದ ಕಡ್ಡಿ. ಅದರ ಉದ್ದಕ್ಕೂ ಒಂದು ಸಾಲಿನಲ್ಲಿ ಸಣ್ಣ ರಂಧ್ರಗಳಿವೆ. ಒಳಗೆ ಗ್ಲುಕೋಸ್ ಒಂದಕ್ಕೊಂದು ಜೋಡಿಸಿ ಸರಪಳಿ ಮಾಡಿ, ಆ ರಂಧ್ರಗಳಿಂದ ಹೊರಗೆ ಬಿಡುತ್ತದೆ. ಸರಪಳಿಗಳು ಸೇರಿ ಸಣ್ಣ ಎಳೆ, ಸಣ್ಣ ಎಳೆಗಳು ಸೇರಿ ಒಂದು ಪಟ್ಟಿ. ಪಟ್ಟಿಯ ಅಗಲ ಸಾಮಾನ್ಯವಾಗಿ 20ರಿಂದ 100 ನ್ಯಾನೋಮೀಟರ್. ನಮ್ಮ ಕೂದಲಿಗಿಂತ ಸಾವಿರ ಪಟ್ಟು ಸಣ್ಣದು ಅಂದುಕೊಳ್ಳಿ. ಪಟ್ಟಿ ಹೊರಗೆ ಬಂದ ಹಾಗೆ ಬ್ಯಾಕ್ಟೀರಿಯಾ ಹಿಂದಕ್ಕೆ ಸರಿಯುತ್ತದೆ, ನಿಮಿಷಕ್ಕೆ ಸುಮಾರು ಎರಡು ಮೈಕ್ರೋಮೀಟರ್. ಅಂದರೆ ತನ್ನ ಮೈಯಷ್ಟು ದೂರ ಸಾಗಲು ಒಂದೆರಡು ನಿಮಿಷ. ಕೋಟಿ ಕೋಟಿ ಬ್ಯಾಕ್ಟೀರಿಯಾ ಹೀಗೆ ದಿಕ್ಕುದಿಕ್ಕಿಗೆ ಓಡಾಡುತ್ತಾ ಬಿಟ್ಟುಹೋದ ದಾರವೇ ಈ ಹಾಳೆ. ಯಾರೂ ನೇಯಲಿಲ್ಲ, ಹೆಣೆಯಲಿಲ್ಲ.

ಇಲ್ಲಿ ಒಂದು ಸಣ್ಣ ವಿಷಯ ಸೇರಿಸುತ್ತೇನೆ, ಪುಸ್ತಿಕೆಯಲ್ಲಿ ಇದ್ದಿದ್ದರೆ ಚೆನ್ನಾಗಿತ್ತು. ಸೆಲ್ಯುಲೋಸ್ ಮಾಡು ಅಂತ ಬ್ಯಾಕ್ಟೀರಿಯಾಗೆ ಒಳಗಿನಿಂದ ಹೇಳುವ ಒಂದು ಸಣ್ಣ ಅಣು ಇದೆ, ಸೈಕ್ಲಿಕ್ ಡೈ-ಜಿಎಂಪಿ. ಜೆರುಸಲೇಮಿನಲ್ಲಿ ಮೋಶೆ ಬೆಂಜಿಮನ್ ಅವರ ತಂಡ 1987ರಲ್ಲಿ ಇದನ್ನು ಕಂಡುಹಿಡಿದದ್ದು ಇದೇ ಬ್ಯಾಕ್ಟೀರಿಯಾದಲ್ಲಿ. ಈಜುವುದು ಬಿಟ್ಟು ಒಂದು ಕಡೆ ಅಂಟಿಕೊಳ್ಳಬೇಕೋ ಬೇಡವೋ ಅಂತ ಎಷ್ಟೋ ಬೇರೆ ಬ್ಯಾಕ್ಟೀರಿಯಾಗಳೂ, ರೋಗ ತರುವಂಥವೂ, ಇದೇ ಅಣು ಬಳಸಿ ತೀರ್ಮಾನಿಸುತ್ತವೆ ಅಂತ ಆಮೇಲೆ ಗೊತ್ತಾಯಿತು. ವಿನಿಗರ್ ಪೊರೆಯಿಂದ ಹೊರಟ ವಿಚಾರ ಎಲ್ಲಿಗೆ ಹೋಯಿತು ನೋಡಿ.

ಎರಡು ವಾರಕ್ಕೆ ನನ್ನ ತಟ್ಟೆಯಲ್ಲಿ ಕಿರುಬೆರಳಿನ ದಪ್ಪಕ್ಕಿಂತ ಸ್ವಲ್ಪ ಕಡಿಮೆ ದಪ್ಪದ ಹಾಳೆ ಇತ್ತು. ಕಂದು ಬಣ್ಣ, ವಿನಿಗರ್ ವಾಸನೆ, ಜಾರುತ್ತದೆ. ಅದರ ಮೇಲೆ ಹಸಿರು, ಕಪ್ಪು ಅಥವಾ ಬಿಳಿ ರೋಮದಂಥ ಬೂಷ್ಟು ಕಂಡರೆ ಇಡೀ ತಟ್ಟೆ ಚೆಲ್ಲಿ, ಆ ಭಾಗ ಮಾತ್ರ ಕತ್ತರಿಸಿ ಉಳಿಸಬೇಡಿ. ಬೂಷ್ಟು ಬರದಿರಲು ಶುರುವಿನಲ್ಲೇ ಹುಳಿ ಜಾಸ್ತಿ ಇರಬೇಕು, ಪಿಎಚ್ ಕಾಗದ ಕೊಟ್ಟಿರುವುದು ಅದಕ್ಕೆ. ಕಿಟ್‌ನಲ್ಲಿ ನನಗೆ ತುಂಬಾ ಇಷ್ಟವಾದದ್ದು ಆ ಸಣ್ಣ ಪಿಎಚ್ ಕಾಗದವೇ.

ಇನ್ನು ತೊಳೆಯುವುದು. ಕಿಟ್ ಮೇಲೆ ನನಗೆ ನಿಜವಾಗಿ ಸಿಟ್ಟು ಬಂದದ್ದು ಇಲ್ಲಿ. ಕಾಸ್ಟಿಕ್ ಸೋಡಾ ಕೊಟ್ಟಿದ್ದಾರೆ, ಕೈಗವಸು ಕೊಟ್ಟಿಲ್ಲ, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ ಅನ್ನುವ ಮಾತೂ ಇಲ್ಲ. ಬಿಸಿ ಕಾಸ್ಟಿಕ್ ಸೋಡಾ ಚರ್ಮ, ಕಣ್ಣು ಎರಡನ್ನೂ ಸುಡುತ್ತದೆ. ಅದರ ಕೆಳಗಿನ ಸಾಲು ಇನ್ನೂ ಕೆಟ್ಟದ್ದು: 'ಬೆಳ್ಳಗಾಗಲು ಬ್ಲೀಚ್ ಹಾಕಬಹುದು' ಅಂತ. ಹುಳಿ ದ್ರವದಲ್ಲಿ ನೆನೆದ ಹಾಳೆಗೆ ನೇರವಾಗಿ ಬ್ಲೀಚ್ ಹಾಕಿದರೆ ಕ್ಲೋರಿನ್ ಗಾಳಿ ಏಳುತ್ತದೆ. ಮಕ್ಕಳಿರುವ ಮನೆಗೂ ಈ ಡಬ್ಬ ಹೋಗುತ್ತದೆ ಅಲ್ವಾ? ಮೊದಲು ನೀರಿನಲ್ಲಿ ಚೆನ್ನಾಗಿ ತೊಳೆಯಿರಿ, ಕೈಗವಸು ಕನ್ನಡಕ ಹಾಕಿಕೊಂಡು ತೀರಾ ತೆಳುವಾದ ಕಾಸ್ಟಿಕ್ ಸೋಡಾ ನೀರಿನಲ್ಲಿ ಬಿಸಿ ಮಾಡಿ, ಮತ್ತೆ ಮತ್ತೆ ನೀರು ಬದಲಿಸಿ ಪಿಎಚ್ 7ಕ್ಕೆ ಬರುವವರೆಗೆ ನೆನೆಸಿ. ಬ್ಲೀಚ್ ಬೇಕಾಗುವುದೇ ಇಲ್ಲ. ಕಂದು ಬಣ್ಣ ನೀರಿಗೆ ಬಿಡುತ್ತದೆ, ಸತ್ತ ಬ್ಯಾಕ್ಟೀರಿಯಾ ಹೊರಗೆ ಹೋಗುತ್ತದೆ, ವಾಸನೆಯೂ ಹೋಗುತ್ತದೆ. ಉಳಿಯುವುದು ಶುದ್ಧ ಸೆಲ್ಯುಲೋಸ್. ಮರದಿಂದ ಸೆಲ್ಯುಲೋಸ್ ತೆಗೆಯುವಾಗ ಲಿಗ್ನಿನ್, ಹೆಮಿಸೆಲ್ಯುಲೋಸ್ ಅಂತ ಬೇರೆಯದನ್ನೆಲ್ಲ ಕಷ್ಟಪಟ್ಟು ಕಳೆಯಬೇಕು. ಇಲ್ಲಿ ಅವು ಇಲ್ಲವೇ ಇಲ್ಲ.

ತೊಳೆದ ಹಾಳೆ ಎತ್ತಿ ಬೆಳಕಿಗೆ ಹಿಡಿದೆ. ಹಾಲು ಬಣ್ಣ, ಅರೆ ಪಾರದರ್ಶಕ, ಹಿಂದೆ ಹಿಡಿದ ಬೆರಳು ಮಸುಕಾಗಿ ಕಾಣುತ್ತದೆ. ಭಾರ ಅನಿಸುತ್ತದೆ, ಏಕೆಂದರೆ ಅದರಲ್ಲಿ ಸುಮಾರು ನೂರಕ್ಕೆ 99 ಭಾಗ ನೀರು. ಉಳಿದ ಒಂದು ಭಾಗ ಆ ನೀರನ್ನೆಲ್ಲ ಹಿಡಿದು ನಿಲ್ಲಿಸಿದೆ. ಎರಡು ತುದಿ ಹಿಡಿದು ಎಳೆದೆ. ಬಗ್ಗುತ್ತದೆ, ಬಿಗಿಯುತ್ತದೆ, ಸುಲಭಕ್ಕೆ ಹರಿಯುವುದಿಲ್ಲ. ಆದರೆ ಅಂಚಿನಲ್ಲಿ ಉಗುರು ತೂರಿಸಿದರೆ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಉದ್ದಗಲಕ್ಕೆ ಗಟ್ಟಿ, ದಪ್ಪದ ಕಡೆಗೆ ಮೆತ್ತಗೆ. ಪದರದ ಮೇಲೆ ಪದರ ಕಟ್ಟುತ್ತಾ ಬೆಳೆದದ್ದು ಹೀಗೆ ಕೈಗೇ ಗೊತ್ತಾಗುತ್ತದೆ.

ಪುಸ್ತಿಕೆ ಇಲ್ಲಿ 'ಈಗ ಬಿಸಿಲಿನಲ್ಲಿ ಒಣಗಿಸಿ' ಅಂತ ಅವಸರ ಮಾಡುತ್ತದೆ. ನನ್ನ ದೊಡ್ಡ ತಕರಾರು ಇದೇ. ಒದ್ದೆ ಹಾಳೆ ಮತ್ತು ಒಣ ಹಾಳೆ ಎರಡು ಬೇರೆ ಬೇರೆ ವಸ್ತು. ಒಂದರಿಂದ ಇನ್ನೊಂದಕ್ಕೆ ಹೋಗಬಹುದು, ವಾಪಸ್ ಬರಲಾಗದು. ನೀರು ಹೊರಡುವಾಗ ಎಳೆಗಳನ್ನು ಹತ್ತಿರಕ್ಕೆ ಎಳೆಯುತ್ತದೆ, ಎಳೆಗಳು ಒಂದಕ್ಕೊಂದು ಹೈಡ್ರೋಜನ್ ಬಂಧದಿಂದ ಕಚ್ಚಿಕೊಳ್ಳುತ್ತವೆ. ಆಮೇಲೆ ಎಷ್ಟು ನೆನೆಸಿದರೂ ಸ್ವಲ್ಪ ಉಬ್ಬುತ್ತದೆ ಅಷ್ಟೇ, ಮೊದಲಿನ ಹಾಗೆ ನೀರು ಹಿಡಿಯುವುದಿಲ್ಲ. ಹಾಗಾಗಿ ಹಾಳೆಯಲ್ಲಿ ಅರ್ಧ ಕತ್ತರಿಸಿ ಒದ್ದೆಯಾಗೇ ಇಟ್ಟುಕೊಳ್ಳಿ. ಈ ವಸ್ತುವಿನ ಅರ್ಧಕ್ಕಿಂತ ಜಾಸ್ತಿ ಉಪಯೋಗ ಒದ್ದೆ ರೂಪದಲ್ಲೇ ಇದೆ.

ಮುಖ್ಯವಾದದ್ದು ಗಾಯದ ಮೇಲೆ ಹಾಕುವ ಹಾಳೆ. ಬ್ರೆಜಿಲ್‌ನಲ್ಲಿ 1980ರ ದಶಕದಿಂದ ಬಯೋಫಿಲ್ ಅನ್ನುವ ಹೆಸರಿನಲ್ಲಿ ಸುಟ್ಟ ಗಾಯಗಳಿಗೆ ತಾತ್ಕಾಲಿಕ ಚರ್ಮವಾಗಿ ಬಳಸಿದ್ದಾರೆ. ಅಲ್ಲಿಂದೀಚೆಗೆ ಬೇರೆ ಕಂಪನಿಗಳ ಡ್ರೆಸ್ಸಿಂಗ್‌ಗಳೂ ಬಂದಿವೆ. ಕಾರಣ ಕೈಯಲ್ಲಿರುವ ಹಾಳೆಯಲ್ಲೇ ಕಾಣುತ್ತದೆ. ಗಾಯವನ್ನು ಒಣಗಲು ಬಿಡುವುದಿಲ್ಲ, ಸೋರುವ ದ್ರವ ಹೀರಿಕೊಳ್ಳುತ್ತದೆ, ಮೈಯ ತಿರುವಿಗೆ ತಕ್ಕಂತೆ ಕೂರುತ್ತದೆ, ಅದರ ಮೂಲಕವೇ ಗಾಯ ನೋಡಬಹುದು. ಬಲೆ ಎಷ್ಟು ಬಿಗಿ ಅಂದರೆ ಹೊರಗಿನ ಬ್ಯಾಕ್ಟೀರಿಯಾ ಒಳಗೆ ನುಸುಳಲು ಕಷ್ಟ. ಜರ್ಮನಿಯ ಯೆನಾದಲ್ಲಿ ಡೀಟರ್ ಕ್ಲೆಮ್ ಅವರ ತಂಡ ಇದೇ ಸೆಲ್ಯುಲೋಸ್ ಅನ್ನು ಸಣ್ಣ ಕೊಳವೆಯಾಗಿ ಬೆಳೆಸಿ, ಕೃತಕ ರಕ್ತನಾಳದ ಪ್ರಯೋಗಗಳನ್ನು 2001ರಲ್ಲಿ ಪ್ರಕಟಿಸಿತು. ಅಚ್ಚು ಯಾವ ಆಕಾರವೋ ಬ್ಯಾಕ್ಟೀರಿಯಾ ಆ ಆಕಾರದಲ್ಲೇ ಕಟ್ಟುತ್ತದೆ, ಆಮೇಲೆ ಕತ್ತರಿಸುವ, ಹೊಲಿಯುವ ಕೆಲಸ ಇಲ್ಲ. ನಮ್ಮ ದೇಹದಲ್ಲಿ ಸೆಲ್ಯುಲೋಸ್ ಕರಗಿಸುವ ಕಿಣ್ವ ಇಲ್ಲ, ಹಾಗಾಗಿ ಒಳಗಿಟ್ಟದ್ದು ತಾನಾಗಿ ಕರಗಿ ಹೋಗುವುದಿಲ್ಲ. ಕೆಲವು ಕಡೆ ಇದು ಬೇಕಾದ ಗುಣ, ಕೆಲವು ಕಡೆ ಅಡ್ಡಿ.

ಇದನ್ನು ಓದಿ ಮನೆಯಲ್ಲಿ ಬೆಳೆಸಿದ ಹಾಳೆಯನ್ನು ಯಾರೂ ಗಾಯಕ್ಕೆ ಹಾಕಬಾರದು. ಡಬ್ಬದ ಮೇಲೆ 'ರೋಗಾಣು ನಿರೋಧಕ' ಅಂತ ಬೇರೆ ಬರೆದಿದ್ದಾರೆ, ಅದು ಸುಳ್ಳು. ಸೆಲ್ಯುಲೋಸ್ ತಾನಾಗಿ ಯಾವ ರೋಗಾಣುವನ್ನೂ ಕೊಲ್ಲುವುದಿಲ್ಲ. ಆಸ್ಪತ್ರೆಯ ಡ್ರೆಸ್ಸಿಂಗ್‌ನಲ್ಲಿ ಬೇಕಿದ್ದರೆ ಬೆಳ್ಳಿ ಅಥವಾ ಬೇರೆ ಔಷಧ ಸೇರಿಸಿರುತ್ತಾರೆ, ಸ್ಟೆರಿಲೈಸ್ ಮಾಡಿರುತ್ತಾರೆ.

'ನೀರು ತಾಗದ ಚರ್ಮ' ಅನ್ನುವುದೂ ಅಷ್ಟೇ. ಸುಝಾನ್ ಲೀ ಅನ್ನುವ ವಿನ್ಯಾಸಕಿ ಇಂಥ ಹಾಳೆಯಿಂದ ಜಾಕೆಟ್ ಮಾಡಿ ಈ ವಸ್ತುವನ್ನು ಪ್ರಪಂಚಕ್ಕೆ ಪರಿಚಯಿಸಿದರು. ಮಳೆಯಲ್ಲಿ ಅದು ನೀರು ಹೀರಿ ಭಾರವಾಗುತ್ತದೆ ಅಂತ ಅವರೇ ತೆರೆದ ಮನಸ್ಸಿನಿಂದ ಹೇಳಿದ್ದಾರೆ. ಗ್ಲಿಸರಿನ್ ಸವರಿದರೆ ಒಣ ಹಾಳೆ ಮೆತ್ತಗಿರುತ್ತದೆ, ಮೇಣ ಹಚ್ಚಿದರೆ ಸ್ವಲ್ಪ ಹೊತ್ತು ನೀರು ತಡೆಯುತ್ತದೆ. ಚೀಲ, ಪರ್ಸ್ ಹೊಲಿಯುವ ಆಸೆ ಇದ್ದವರಿಗೆ ಇಷ್ಟು ಸಾಕು.

ಈಗ ಒಣ ಹಾಳೆಗೆ ಬರುತ್ತೇನೆ, ನನ್ನ ಕೈ ತುರಿಸುತ್ತಿದ್ದದ್ದು ಅದಕ್ಕೇ. ಬಿಸಿಲಿನಲ್ಲಿ ಹಾಕಿದರೆ ಅಂಚು ಮೊದಲು ಒಣಗಿ ಸುರುಟಿಕೊಳ್ಳುತ್ತದೆ. ಅದರ ಬದಲು ಎರಡು ಬಟ್ಟೆಯ ನಡುವೆ ಇಟ್ಟು, ಮೇಲೆ ಹಲಗೆ, ಹಲಗೆಯ ಮೇಲೆ ಭಾರ. ಬಟ್ಟೆ ಒದ್ದೆಯಾದ ಹಾಗೆ ಬದಲಿಸುತ್ತಾ ಹೋಗಬೇಕು. ಅವಸರ ಮಾಡದಿದ್ದರೆ ಕೊನೆಗೆ ಸಿಗುವುದು ಬರೆಯುವ ಕಾಗದಕ್ಕಿಂತ ತೆಳುವಾದ, ಬೆಳಕು ತೂರುವ ಒಂದು ಹಾಳೆ. ಅಷ್ಟು ದಪ್ಪ ಇದ್ದದ್ದು ಇಷ್ಟೇನಾ ಅನಿಸುತ್ತದೆ. ಮಡಿಸಿದರೆ ಚಟ್ ಅನ್ನುತ್ತದೆ. ಹರಿಯಲು ನೋಡಿದರೆ ಬೆರಳು ನೋಯುತ್ತದೆ.

ಏರು ಸ್ವರ ನುಡಿಸುವ ಸಣ್ಣ ಸ್ಪೀಕರ್ ಅಂದರೆ ಟ್ವೀಟರ್, ಅಂಥ ಹಾಳಾದ ಟ್ವೀಟರ್‌ನ ಲೋಹದ ಡೋಮ್ ಒಂದು ನನ್ನ ಬಳಿ ಇತ್ತು. ಅದನ್ನೇ ಅಚ್ಚು ಮಾಡಿಕೊಂಡು, ತೆಳು ಒದ್ದೆ ಹಾಳೆ ಅದರ ಮೇಲೆ ಹಾಸಿ, ಸುತ್ತಲೂ ಉಂಗುರ ಬಿಗಿದು ಒಣಗಲು ಬಿಟ್ಟೆ. ನೀರು ಇಳಿದ ಹಾಗೆ ಹಾಳೆ ಅಚ್ಚನ್ನು ಅಪ್ಪಿಕೊಂಡಿತು, ನಡುವೆ ಒಂದು ಸುಕ್ಕೂ ಇಲ್ಲ. ಬಿಡಿಸಿ ಉಗುರಿನಿಂದ ತಟ್ಟಿದೆ. ಟಕ್ ಅಂತ ಚುರುಕಾದ ಸದ್ದು, ಅಲ್ಲೇ ಮುಗಿಯಿತು. ಲೋಹದ ಡೋಮ್ ತಟ್ಟಿದರೆ ಬಾಲದಂತೆ ಉಳಿಯುವ ಆ ಕೀರಲು ಇಲ್ಲ. ಕಾಗದದ ಡೋಮ್‌ನ ಮಂದ ಸದ್ದೂ ಅಲ್ಲ. ಕಾಯಿಲ್ ಅಂಟಿಸಿ ಕೂರಿಸಿ, ಮನುಷ್ಯರ ದನಿ, ತಂತಿ ವಾದ್ಯ ಹಾಕಿ ಕೇಳಿದೆ. ಸ, ಶ ಅಕ್ಷರಗಳು ಕಿವಿಗೆ ಚುಚ್ಚಲಿಲ್ಲ, ತಂತಿ ಮೀಟಿದ ಕ್ಷಣ ಸ್ಪಷ್ಟವಾಗಿ ಕೇಳಿಸಿತು. ನನಗೆ ತುಂಬಾ ಖುಷಿಯಾಯಿತು.

ಕಾರಣ ಅಂಕಿಗಳಲ್ಲಿದೆ. ಜಪಾನಿನ ಆ ತಂಡ 1989 ಮತ್ತು 1990ರಲ್ಲಿ ಪ್ರಕಟಿಸಿದ ಪ್ರಕಾರ ಒಣಗಿಸಿದ ಹಾಳೆಯ ಯಂಗ್ಸ್ ಮಾಡ್ಯುಲಸ್, ಅಂದರೆ ಬಿಗಿತದ ಅಳತೆ, 15 ಗಿಗಾಪ್ಯಾಸ್ಕಲ್‌ಗಿಂತ ಜಾಸ್ತಿ. ರಾಸಾಯನಿಕಗಳಿಂದ ಇನ್ನೂ ಶುದ್ಧ ಮಾಡಿದಾಗ 30ರ ಹತ್ತಿರ ಹೋಗಿದೆ. ಮಾಮೂಲಿ ಕಾಗದ ಇದರ ಹತ್ತಿರಕ್ಕೂ ಬರುವುದಿಲ್ಲ. ಕಾಗದದ ಎಳೆ ದಪ್ಪ, ಎಳೆ ಎಳೆ ಮುಟ್ಟುವ ಜಾಗ ಕಡಿಮೆ. ಇಲ್ಲಿ ಎಳೆ ಅಷ್ಟು ಸಣ್ಣದಾದ್ದರಿಂದ ಕಚ್ಚಿಕೊಳ್ಳುವ ಜಾಗಗಳು ಲೆಕ್ಕವಿಲ್ಲದಷ್ಟು. ಎಳೆಯೊಳಗೂ ಸರಪಳಿಗಳು ಬಹುಪಾಲು ಸಾಲಾಗಿ, ಹರಳಿನ ಕ್ರಮದಲ್ಲಿ ನಿಂತಿವೆ. ಒಣಗಿದರೆ ವಾಪಸ್ ಬರಲಾಗದು ಅಂತ ಮೇಲೆ ದೂರಿದೆನಲ್ಲ, ಆ ಕಚ್ಚುವಿಕೆಯೇ ಸ್ಪೀಕರ್‌ಗೆ ಬೇಕಾದದ್ದು.

ಒಣಗಿಸಿಯೂ ಕುಗ್ಗಬಾರದು ಅಂದರೆ ಫ್ರೀಜ್ ಡ್ರೈ ಮಾಡಬೇಕು, ಇಲ್ಲವೇ ಒತ್ತಡದ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಒಣಗಿಸಬೇಕು. ಹಾಗೆ ಮಾಡಿದ ಏರೋಜೆಲ್, ಅಂದರೆ ನೀರಿದ್ದ ಜಾಗದಲ್ಲಿ ಗಾಳಿ ತುಂಬಿದ ಹಾಳೆ, ಘನ ಸೆಂಟಿಮೀಟರಿಗೆ ಬರೀ 8 ಮಿಲಿಗ್ರಾಂ ತೂಗಿದ್ದೂ ಇದೆ. ಮನೆಯಲ್ಲಿ ಆಗುವ ಕೆಲಸ ಅಲ್ಲ.

ಇಷ್ಟು ಒಳ್ಳೆಯ ವಸ್ತು ಎಲ್ಲ ಸ್ಪೀಕರ್‌ಗಳಲ್ಲಿ ಯಾಕಿಲ್ಲ ಅಂತ ಕೇಳಬಹುದು. ಒಂದು ತಟ್ಟೆ ಬೆಳೆಸಿದರೆ ನಿಮಗೇ ಗೊತ್ತಾಗುತ್ತದೆ. ನಿಧಾನ. ಒಂದು ಲೀಟರ್‌ಗೆ ಕೊನೆಯಲ್ಲಿ ಸಿಗುವ ಒಣ ಸೆಲ್ಯುಲೋಸ್ ಕೆಲವೇ ಗ್ರಾಂ. ಹಾಕಿದ ಗ್ಲುಕೋಸ್‌ನಲ್ಲಿ ಒಂದಷ್ಟು ಗ್ಲುಕೋನಿಕ್ ಆಮ್ಲವಾಗಿ ಹೋಗುತ್ತದೆ, ಆ ಆಮ್ಲ ಜಾಸ್ತಿಯಾದರೆ ಸೆಲ್ಯುಲೋಸ್ ಕಟ್ಟುವುದೂ ಕುಂಟುತ್ತದೆ. ಸುಮ್ನೆ ಇಟ್ಟೇ ಬೆಳೆಸಬೇಕು ಅಂದರೆ ಜಾಗ ಬೇಕು. ಹಾಗಾಗಿ ಒಂದು ಹಾಳೆಗೂ ಬೆಲೆ ಬರುವ ಕಡೆ, ಗಾಯದ ಡ್ರೆಸ್ಸಿಂಗ್‌ನಂಥ ಕಡೆ, ಇದು ನೆಲೆ ಕಂಡಿದೆ. ಕಾಗದದಂತೆ ಟನ್‌ಗಟ್ಟಲೆ ಬರಬೇಕಾದ ಕಡೆ ಇನ್ನೂ ಒದ್ದಾಡುತ್ತಿದೆ.

5ಕ್ಕೆ 3.5 ಕೊಡುತ್ತೇನೆ. ಕಲ್ಚರ್‌ಗೆ ಮತ್ತು ಪುಡಿಗೆ ಪೂರ್ತಿ ಅಂಕ. ಕಳೆದದ್ದು ಕೈಗವಸಿಗೆ, ಬ್ಲೀಚ್ ಸಾಲಿಗೆ, ಡಬ್ಬದ ಸುಳ್ಳಿಗೆ. ಎಂಟನೇ ತರಗತಿ ದಾಟಿದ ಮಕ್ಕಳು ದೊಡ್ಡವರ ಜೊತೆ ಮಾಡಬಹುದು, ಕಾಸ್ಟಿಕ್ ಸೋಡಾದ ಕೆಲಸ ಮಾತ್ರ ದೊಡ್ಡವರೇ ಮಾಡಲಿ. ಚೀಲಕ್ಕಾಗಿ ತಗೊಳ್ಳುವವರು ಎರಡು ಸಲ ಯೋಚಿಸಿ. ಕಾಗದ, ವಾದ್ಯ, ಸ್ಪೀಕರ್ ಕೆಲಸ ಮಾಡುವವರು ಯೋಚಿಸಬೇಡಿ, ತಗೊಳ್ಳಿ.

ಇನ್ನೊಂದು ವಿಷಯ. ಪುಡಿ ಮುಗಿದ ಮೇಲೆ ರೀಫಿಲ್ ಕೊಳ್ಳಿ ಅನ್ನುತ್ತಾರೆ. ಪುಡಿ ಬೇಕು, ನಿಜ. ಆದರೆ ಕಲ್ಚರ್ ಮತ್ತೆ ಕೊಳ್ಳಬೇಕಾಗಿಲ್ಲ. ಹಾಳೆ ತೆಗೆದ ಮೇಲೆ ತಟ್ಟೆಯಲ್ಲಿ ಉಳಿದ ಹುಳಿ ದ್ರವವನ್ನು, ತೊಳೆಯದ ಪೊರೆಯ ಒಂದು ಚೂರಿನ ಜೊತೆ, ಶುದ್ಧವಾದ ಗಾಜಿನ ಬಾಟಲಿಯಲ್ಲಿ ಬಟ್ಟೆ ಕಟ್ಟಿ ಇಟ್ಟುಕೊಳ್ಳಿ. ಮುಂದಿನ ತಟ್ಟೆ ಅದರಿಂದಲೇ ಶುರುವಾಗುತ್ತದೆ.